ಗಾಳಿಯಿಂದ ಉಂಗುರ ಬಂದರೆ ಕುಂಬಳಕಾಯಿ ಏಕೆ ಬಾರದು?

ಬರಿಗೈಯಿಂದ ವಿಭೂತಿ, ಉಂಗುರ ಬಂದರೆ ಭಕ್ತರು ದೈವಶಕ್ತಿ ಎನ್ನುತ್ತಾರೆ, ಸಂದೇಹವಾದಿಗಳು ಕೈಚಳಕ ಎನ್ನುತ್ತಾರೆ. ಈ ಜಗಳ ವಾದದಿಂದ ಮುಗಿಯದು, ಪರೀಕ್ಷೆಯೇ ಬೇಕು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಬಾಬಾ ಪರೀಕ್ಷೆಗೆ ಒಳಗಾಗಲಿಲ್ಲ. ಉಂಗುರದ ಬದಲು ಕುಂಬಳಕಾಯಿ ಸೃಷ್ಟಿಸಲಿ ಎಂಬ ಎಚ್ಚೆನ್ ಸವಾಲು ಪ್ರಸಿದ್ಧವಾಯಿತು. ತರ್ಕ ಸರಳ: ಉಂಗುರವನ್ನು ಬೆರಳ ಸಂದಿಯಲ್ಲಿ ಅಡಗಿಸಬಹುದು, ಕುಂಬಳಕಾಯಿಯನ್ನಲ್ಲ.

ಅಮೆರಿಕದಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಟ್ಟಿದ್ದ 10 ಲಕ್ಷ ಡಾಲರ್ ಬಹುಮಾನಕ್ಕೆ, ಪರೀಕ್ಷೆಯ ಷರತ್ತುಗಳನ್ನು ಇಬ್ಬರೂ ಮೊದಲೇ ಒಪ್ಪಬೇಕಿತ್ತು. 2015ರಲ್ಲಿ ಅದು ನಿಲ್ಲುವವರೆಗೂ ಯಾರೂ ಗೆಲ್ಲಲಿಲ್ಲ.

ಪವಾಡ ಅಸಾಧ್ಯವೆಂದು ಇದರಿಂದ ಸಾಬೀತಾಗದು. ಆದರೆ ಹಣವನ್ನೋ ಆರೋಗ್ಯವನ್ನೋ ಒಪ್ಪಿಸುವ ಮುನ್ನ ಪುರಾವೆ ಕೇಳುವುದು ಯಾರಿಗೂ ಅವಮಾನವಲ್ಲ.