ಚೌಕಿಯಿಂದ ತರಗತಿಗೆ: ಕನ್ನಡನಾಡಿನಲ್ಲಿ ನಟನಾ ಶಿಕ್ಷಣ

ಪಠ್ಯಕ್ರಮ, ವೇಳಾಪಟ್ಟಿ ಮತ್ತು ಪ್ರಮಾಣಪತ್ರಗಳಿರುವ ವಿದ್ಯೆಯಾಗಿ ನಟನೆಯನ್ನು ಕಲಿಸುವ ಪದ್ಧತಿ ಕನ್ನಡನಾಡಿನಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದರೆ ಅದಕ್ಕೂ ಮೊದಲು ಇಲ್ಲಿನ ನಟರು ಶಿಕ್ಷಣವಿಲ್ಲದೆಯೇ ರಂಗವೇರುತ್ತಿದ್ದರೆಂದು ಭಾವಿಸುವುದು ದೊಡ್ಡ ತಪ್ಪು. ಯಕ್ಷಗಾನ ಮೇಳಗಳಲ್ಲಿ ವೇಷಧಾರಿಗಳು ಬಣ್ಣ ಹಚ್ಚಿಕೊಂಡು ಸಿದ್ಧರಾಗುವ ಸ್ಥಳಕ್ಕೆ ಚೌಕಿ ಎಂದು ಹೆಸರು. ಮೇಳ ಸೇರಿದ ಹುಡುಗನಿಗೆ ಅದೇ ಮೊದಲ ಪಾಠಶಾಲೆ. ಹಿರಿಯರು ಮುಖವರ್ಣಿಕೆ ಬರೆದುಕೊಳ್ಳುವುದನ್ನೂ ಮುಂಡಾಸು ಕಟ್ಟುವುದನ್ನೂ ಅವನು ಅಲ್ಲಿ ಕುಳಿತು ನೋಡುತ್ತಿದ್ದ. ರಾತ್ರಿಯ ಆರಂಭದಲ್ಲಿ, ಪ್ರೇಕ್ಷಕರು ಇನ್ನೂ ಬಂದು ಸೇರುತ್ತಿರುವಾಗಲೇ, ಕೋಡಂಗಿಯಾಗಿ, ಅಂದರೆ ಪೂರ್ವರಂಗದಲ್ಲಿ ಕುಣಿಯುವ ಎಳೆಯ ವೇಷವಾಗಿ, ರಂಗಸ್ಥಳ ಪ್ರವೇಶಿಸುತ್ತಿದ್ದ. ಮುಂದೆ ಬಾಲಗೋಪಾಲ, ಸ್ತ್ರೀವೇಷ, ಪುಂಡುವೇಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಪ್ರಸಂಗದ ಹೊಣೆ ಹೊರುವ ವೇಷಗಳಿಗೆ ತಲುಪಲು ವರ್ಷಗಳೇ ಬೇಕಾಗುತ್ತಿದ್ದವು. ಇಡೀ ರಾತ್ರಿಯ ಆಟವೇ ಒಂದನೆಯ ತರಗತಿಯಿಂದ ಕೊನೆಯ ತರಗತಿಯವರೆಗಿನ ಕ್ರಮವನ್ನು ತನ್ನೊಳಗೆ ಇಟ್ಟುಕೊಂಡಿದ್ದ ಈ ವ್ಯವಸ್ಥೆಯ ಜಾಣ್ಮೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ವೃತ್ತಿ ನಾಟಕ ಕಂಪನಿಗಳಲ್ಲಿಯೂ ಕಲಿಕೆಯ ಬಗೆ ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ಹೆಸರಾದ ಗುಬ್ಬಿ ಕಂಪನಿಯಲ್ಲಿ ಬಾಲನಟರು ಕಂಪನಿಯ ಅನ್ನ ಉಂಡು, ಕಂಪನಿಯೊಡನೆ ಊರೂರು ತಿರುಗಿ, ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು ರಂಗಗೀತೆಗಳನ್ನು ಬಾಯಿಪಾಠ ಮಾಡುತ್ತಿದ್ದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಮಾತು ಮುಟ್ಟಿಸುವ ಕಂಠವನ್ನು ಅವರು ಗಳಿಸಿದ್ದು ಪ್ರದರ್ಶನದಿಂದ ಪ್ರದರ್ಶನಕ್ಕೆ ನಡೆದ ಸಾಧನೆಯಿಂದಲೇ. ಮುಂದೆ ರಾಜ್‌ಕುಮಾರ್ ಎಂದು ಪ್ರಸಿದ್ಧರಾದ ಮುತ್ತುರಾಜರೂ ಈ ಗರಡಿಯಲ್ಲಿ ಪಳಗಿದವರು. ಇತ್ತ ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಆರಂಭವಾದ ಮೇಲೆ ವಿದ್ಯಾವಂತರ ಹವ್ಯಾಸಿ ರಂಗಭೂಮಿ, ಅಂದರೆ ಜೀವನೋಪಾಯಕ್ಕಲ್ಲದೆ ಅಭಿರುಚಿಗಾಗಿ ನಡೆಯುವ ನಾಟಕ, ಬಲಗೊಂಡಿತು. ಆದರೂ ಕಾಲೇಜುಗಳಲ್ಲಿ ನಾಟಕವನ್ನು ಓದುತ್ತಿದ್ದುದು ಸಾಹಿತ್ಯವಾಗಿ. ಅದನ್ನು ಆಡುತ್ತಿದ್ದುದು ಪಾಠದ ಹೊರಗೆ.

ಈ ಎರಡನ್ನೂ ಬೆಸೆಯುವ ಪ್ರಯತ್ನ ರಾಷ್ಟ್ರಮಟ್ಟದಲ್ಲಿ ರೂಪುಗೊಂಡದ್ದು 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ. ಲಂಡನ್ನಿನಲ್ಲಿ ತರಬೇತಿ ಪಡೆದಿದ್ದ ಇಬ್ರಾಹಿಂ ಅಲ್ಕಾಜಿ 1962ರಿಂದ 1977ರವರೆಗೆ ಅದರ ನಿರ್ದೇಶಕರಾಗಿದ್ದು, ಬೆಳಕು, ರಂಗಸಜ್ಜಿಕೆ, ವಸ್ತ್ರವಿನ್ಯಾಸಗಳನ್ನು ಕೂಡ ನಟನೆಯಷ್ಟೇ ಶಿಸ್ತಿನಿಂದ ಕಲಿಯಬೇಕಾದ ವಿಷಯಗಳನ್ನಾಗಿಸಿದರು. ಅವರ ನಂತರ ಆ ಸ್ಥಾನಕ್ಕೆ ಬಂದ ಬಿ.ವಿ. ಕಾರಂತರು ಎರಡು ಯುಗಗಳ ನಡುವಿನ ಕೊಂಡಿಯಂತಿದ್ದಾರೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ ಅವರು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಉನ್ನತ ಶಿಕ್ಷಣ ಪಡೆದು, ಬಳಿಕ ಇದೇ ನಾಟಕ ಶಾಲೆಯ ವಿದ್ಯಾರ್ಥಿಯಾದವರು.

ಕರ್ನಾಟಕದೊಳಗೆ 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಸರೆಯಲ್ಲಿ, ಶಿವರಾಮ ಕಾರಂತ ಮತ್ತು ಕು.ಶಿ. ಹರಿದಾಸ ಭಟ್ಟರ ಆಸ್ಥೆಯಿಂದ, ಯಕ್ಷಗಾನ ಕೇಂದ್ರ ತಲೆಯೆತ್ತಿತು. ಚೌಕಿಯಲ್ಲಿ ನೋಡಿ ಕಲಿಯುತ್ತಿದ್ದ ತಾಳ, ಹೆಜ್ಜೆ, ಮದ್ದಳೆ, ಭಾಗವತಿಕೆಗಳನ್ನು ಗುರುಗಳು ಬಿಡಿಸಿ ಬಿಡಿಸಿ ಹೇಳಿಕೊಡುವ ಕ್ರಮಕ್ಕೆ ಇದರಿಂದ ನೆಲೆ ದೊರೆಯಿತು.

ಈ ಚರಿತ್ರೆಯಲ್ಲಿ ಅತ್ಯಂತ ಧೀರವಾದ ಹೆಜ್ಜೆ ಸಾಗರ ತಾಲ್ಲೂಕಿನ ಹೆಗ್ಗೋಡಿನದು. 1949ರಲ್ಲಿ ಹಳ್ಳಿಯ ಗೆಳೆಯರ ಕೂಟವಾಗಿ ಆರಂಭವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ಒಂದು ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ನಾಟಕ ಶಾಲೆಗೆ ರಾಜಧಾನಿಯೇ ತಕ್ಕ ಸ್ಥಳವೆಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ, ಅಡಿಕೆ ತೋಟಗಳ ನಡುವಿನ ಹಳ್ಳಿಯೊಂದು ಕನ್ನಡದಲ್ಲಿಯೇ ನಾಟ್ಯಶಾಸ್ತ್ರ, ಪಾಶ್ಚಾತ್ಯ ನಾಟಕ, ರಂಗತಂತ್ರಗಳನ್ನು ಬೋಧಿಸಲು ಹೊರಟಿತು. ಕಲಿತವರು ಮುಂದೆಲ್ಲಿ ಆಡಬೇಕೆಂಬ ಪ್ರಶ್ನೆಗೆ ಉತ್ತರವಾಗಿ 1985ರಲ್ಲಿ ‘ತಿರುಗಾಟ’ ಆರಂಭವಾಯಿತು. ಮೇಳಗಳ ಸಂಚಾರಕ್ಕೆ ಯಕ್ಷಗಾನದಲ್ಲಿ ಬಳಕೆಯಲ್ಲಿದ್ದ ಈ ಹೆಸರನ್ನೇ ಆರಿಸಿಕೊಂಡದ್ದು ಗಮನಾರ್ಹ: ಶಾಲೆಯಿಂದ ಹೊರಬಂದ ನಟರು ಸಜ್ಜಿಕೆ, ದೀಪ, ವೇಷಭೂಷಣಗಳನ್ನು ವಾಹನಕ್ಕೇರಿಸಿಕೊಂಡು, ಪಟ್ಟಣದ ಸಭಾಂಗಣವಿರಲಿ, ಹಳ್ಳಿಯ ಬಯಲಿರಲಿ, ಸಿಕ್ಕ ರಂಗಕ್ಕೆ ನಾಟಕವನ್ನು ಒಗ್ಗಿಸಿಕೊಳ್ಳುತ್ತ ನಾಡು ಸುತ್ತತೊಡಗಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಈ ನಡುವೆ 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ, ನಟರನ್ನು ವೇತನದ ಮೇಲೆ ನೇಮಿಸಿಕೊಂಡು ತರಬೇತಿಯನ್ನೂ ಪ್ರದರ್ಶನವನ್ನೂ ಒಂದೇ ಅಂಗಳದಲ್ಲಿ ನಡೆಸಿತು.

ತರಗತಿಯು ನಟನಿಗೆ ಓದನ್ನು, ವಿಮರ್ಶೆಯ ಕಣ್ಣನ್ನು, ದೇಶವಿದೇಶಗಳ ನಾಟಕಗಳ ಪರಿಚಯವನ್ನು ಕೊಟ್ಟಿದೆ; ಆದರೆ ಕೋಡಂಗಿಗೂ ಬಾಲನಟನಿಗೂ ಸಹಜವಾಗಿ ದೊರೆಯುತ್ತಿದ್ದ ದಿನನಿತ್ಯದ ಪ್ರೇಕ್ಷಕರನ್ನು ಅದು ತಾನಾಗಿ ಕೊಡಲಾರದು. ಆದ್ದರಿಂದ ನಾಟಕ ವಿಭಾಗ ತೆರೆಯುವ ಕಾಲೇಜುಗಳು ಪದವಿಯ ಕೊನೆಯ ವರ್ಷದಲ್ಲಿ ಒಂದು ಋತುವಿನ ತಿರುಗಾಟವನ್ನಾದರೂ ಪಠ್ಯದ ಭಾಗವಾಗಿಸಿ, ಅದಕ್ಕೆ ಬೇಕಾದ ವಾಹನ ಮತ್ತು ಊಟದ ವೆಚ್ಚವನ್ನು ಪ್ರಯೋಗಾಲಯದ ವೆಚ್ಚದಂತೆಯೇ ತಮ್ಮ ಆಯವ್ಯಯದಲ್ಲಿ ಸೇರಿಸಬೇಕು.