ಸೆಟ್‌ಬ್ಯಾಕ್ ನಿಯಮಗಳು (ಸಿಂಧನೂರು, ಲಿಂಗಸುಗೂರು, ಮಸ್ಕಿ)

ನಿವೇಶನದ ಗಡಿಗೂ ಕಟ್ಟಡದ ಗೋಡೆಗೂ ನಡುವೆ ಕಡ್ಡಾಯವಾಗಿ ಬಿಡಬೇಕಾದ ತೆರೆದ ಜಾಗವೇ ಸೆಟ್‌ಬ್ಯಾಕ್. ಗಾಳಿ, ಬೆಳಕು, ಅಗ್ನಿಶಾಮಕ ವಾಹನದ ಪ್ರವೇಶ, ಮನೆಯ ವಾಹನ ಒಳಹೋಗುವ ದಾರಿ ಎಲ್ಲಕ್ಕೂ ಇದೇ ಆಧಾರ. ನಿವೇಶನದ ಅಳತೆ, ಕಟ್ಟಡದ ಎತ್ತರ, ಬಳಕೆಗಳಿಗೆ ತಕ್ಕಂತೆ ಇದರ ಪ್ರಮಾಣ ಬದಲಾಗುತ್ತದೆ.

ಕರ್ನಾಟಕದಲ್ಲಿ ಇಂಥ ವಲಯ ನಿಯಮಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮೂಲ. ನಿಯಮಗಳು ಮಹಾಯೋಜನೆಯ ಭಾಗವಾಗಿರುತ್ತವೆ. ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಅದರ ಪರಿಷ್ಕರಣೆ ಆಗಬೇಕು. ಕರಡು ಪ್ರಕಟವಾದ 60 ದಿನಗಳೊಳಗೆ ಸಾರ್ವಜನಿಕರು ಲಿಖಿತವಾಗಿ ಅಭಿಪ್ರಾಯ ಸಲ್ಲಿಸಬಹುದು. ನಿವಾಸಿಗಳು ಈ ಅವಕಾಶವನ್ನು ಬಿಡಬಾರದು. ಅನುಮೋದನೆಯ ನಂತರ ತಿದ್ದುವುದು ಕಷ್ಟ.

ರಾಯಚೂರು ಜಿಲ್ಲೆಯ ಈ ಮೂರೂ ಊರುಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ. ಹೆದ್ದಾರಿಗೆ ನೇರವಾಗಿ ತೆರೆಯುವ ಗೇಟು ಅಪಘಾತಕ್ಕೆ ಎಡೆಮಾಡುವುದರಿಂದ ಅಲ್ಲಿ ಸ್ಥಳೀಯ ಪರವಾನಗಿಯ ಜೊತೆಗೆ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಗೇಟಿನ ಮುಂದೆ ಚರಂಡಿಯ ಮೇಲೆ ಹಾಕುವ ಇಳಿಜಾರು ರಸ್ತೆಗೆ ಚಾಚಿದರೆ ಅದು ಒತ್ತುವರಿಯೇ. ಮಳೆನೀರಿಗೂ ಪಾದಚಾರಿಗೂ ಅಡ್ಡಿ.

ಮಸ್ಕಿಯಲ್ಲಿ ಇನ್ನೊಂದು ಕಟ್ಟುಪಾಡಿದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನದ ಸಂರಕ್ಷಿತ ಪ್ರದೇಶದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ; ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಪೂರ್ವಾನುಮತಿ ಅಗತ್ಯ.