ಕಾಲ್ಚೆಂಡಿನಾಟದ ಎರಡು ವಿಜಯವತ್ಸರಗಳು

ಕಾಲ್ಚೆಂಡಿನಾಟವು ಕನ್ನಡನಾಡಿಗೆ ಸೈನಿಕರ ಬೆನ್ನುಹತ್ತಿ ಬಂದುದು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಡನೆ ಬಳ್ಳಾರಿಯು ಕುಂಪಣಿ ಸರಕಾರದ ಕೈಸೇರಿದ ತರುವಾಯ, ಕೋಟೆಯ ಗುಡ್ಡದ ಆಸುಪಾಸಿನಲ್ಲಿ ದೊಡ್ಡದೊಂದು ದಂಡು ನೆಲೆಯೂರಿತು. ಆ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಪಟಾಲಮುಗಳು ಎಲ್ಲೆಲ್ಲಿ ಬೀಡುಬಿಟ್ಟವೋ ಅಲ್ಲಲ್ಲಿ ಈ ಆಟವೂ ಬೀಡುಬಿಟ್ಟಿತೆನ್ನಬಹುದು. ಅದಕ್ಕೆ ಮುಂಚೆ ಈ ಸೀಮೆಯಲ್ಲಿ ಆಟಗಳೇ ಇರಲಿಲ್ಲವೆಂದಲ್ಲ. ಗರಡಿಯ ಸಾಮು, ಕುಸ್ತಿ, ಹುತುತು, ಚಿಣ್ಣಿಕೋಲು, ಗುಂಡೆತ್ತುವ ಪಂದ್ಯ ಇವುಗಳಿಗೆ ಕುರುಗೋಡು, ಸಿರುಗುಪ್ಪಗಳಂತಹ ಊರುಗಳಲ್ಲಿ ಒಂದಿಷ್ಟು ಮಣ್ಣೂ ಒಂದು ಜಾತ್ರೆಯೂ ಸಾಕಾಗಿದ್ದವು. ಕಾಲ್ಚೆಂಡಿನಾಟಕ್ಕಾದರೋ ಸಮನಾದ ವಿಶಾಲವಾದ ಬಯಲು ಬೇಕು. ಒಬ್ಬ ನಾಯಕನ ಮಾತಿಗೆ ನಡೆಯುವ ಹನ್ನೊಂದು ಮಂದಿ ಬೇಕು. ವರ್ಷವರ್ಷವೂ ಎದುರು ನಿಲ್ಲುವ ತಂಡಗಳು ಬೇಕು. ದಂಡನ್ನು ಬಿಟ್ಟರೆ ಇವೆಲ್ಲವನ್ನೂ ಒದಗಿಸಬಲ್ಲುದು ಕಾಲೇಜೊಂದೇ.

ಬಳ್ಳಾರಿಯ ಕೊರತೆಯು ಇಲ್ಲಿಯೇ ಇದ್ದಿತು. ಸಿರುಗುಪ್ಪದ ಗದ್ದೆಗಳ ಬದಿಯ ಹುಡುಗನು ಪದವಿಯ ವಿದ್ಯೆಯನ್ನು ಬಯಸಿದರೆ, 1916ರಲ್ಲಿ ಕಾಲೇಜು ತೆರೆದ ಅನಂತಪುರಕ್ಕೋ, ದೂರದ ಮದರಾಸಿಗೋ ಹೋಗಬೇಕಾಗಿತ್ತು. ಅದೇ 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘವು ವೀರಶೈವ ಕಾಲೇಜನ್ನು ಸ್ಥಾಪಿಸಿದುದು 1945ರಲ್ಲಿ. ಅನಂತರವೂ ನಾಡಿನ ಗಡಿಗಳು ಸರಿದಂತೆಲ್ಲ ಇಲ್ಲಿಯ ವಿದ್ಯಾರ್ಥಿಗಳ ಪಂದ್ಯದ ದಾರಿಯೂ ಸರಿಯಿತು. 1953ರ ಅಕ್ಟೋಬರ್ 1ರಂದು ಜಿಲ್ಲೆಯು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವೂ, 2010ರಲ್ಲಿ ಬಳ್ಳಾರಿಯದೇ ಆದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಉದಯಿಸಿದವು.

ದಂಡೂ ಕಾಲೇಜೂ ಮೊದಲಿನಿಂದ ಜೊತೆಗೂಡಿದ್ದುದು ಬೆಂಗಳೂರಿನಲ್ಲಿ. ಆದುದರಿಂದಲೇ ಕನ್ನಡನಾಡಿನ ಮೊದಲ ವಿಜಯವತ್ಸರವೂ ಆ ನಗರದ್ದಾಯಿತು. ಮುಂಬಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಬಟ್ಟಲಿನ ಪಂದ್ಯಗಳಲ್ಲಿ ಗೆಲುವು ಬಿಳಿಯ ಸೈನಿಕರ ಸೊತ್ತೆಂಬಂತಿತ್ತು. 1911ರಲ್ಲಿ ಕಲಕತ್ತೆಯ ಮೋಹನ ಬಾಗಾನ್ ತಂಡದವರು ಬರಿಗಾಲಿನಲ್ಲಿಯೇ ಆಡಿ (ಒಬ್ಬನು ಮಾತ್ರ ಬೂಟು ತೊಟ್ಟಿದ್ದನು) ಈಸ್ಟ್ ಯಾರ್ಕ್‌ಷೈರ್ ಪಟಾಲಮನ್ನು ಸೋಲಿಸಿ ಅಲ್ಲಿಯ ಶೀಲ್ಡನ್ನು ಗೆದ್ದಿದ್ದರು. ಆದರೆ 1923ರಲ್ಲಿ ಅದೇ ತಂಡವು ಮುಂಬಯಿಯ ಅಂತಿಮ ಪಂದ್ಯದವರೆಗೆ ಬಂದೂ ಸೋತಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಆ ಬಟ್ಟಲನ್ನು ಗೆದ್ದಿತು. ಅದನ್ನು ಪಡೆದ ಮೊದಲನೆಯ ಭಾರತೀಯ ತಂಡವೇ ಕನ್ನಡನಾಡಿನದು. ಅಂತಿಮ ಪಂದ್ಯದಲ್ಲಿ ಇವರಿಗೆ ಸೋತವರು ಸಾಮಾನ್ಯರಲ್ಲ; 1934ರಿಂದ 1938ರವರೆಗೆ ಎಡೆಬಿಡದೆ ಐದು ವರ್ಷ ಕಲಕತ್ತೆಯ ಲೀಗನ್ನು ಗೆದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡದವರು. ಮರುವರ್ಷವೂ ಬಟ್ಟಲು ಬೆಂಗಳೂರಿನಲ್ಲಿಯೇ ಉಳಿಯಿತು. ಈ ಸಾಹಸದ ನೆನಪು ಕನ್ನಡಿಗರಲ್ಲಿ ಇಷ್ಟು ಬೇಗ ಮಾಸಿದುದು ಸೋಜಿಗವೇ ಸರಿ. ಸಂತೋಷ್ ಬಟ್ಟಲಿನ ಪಂದ್ಯಗಳಲ್ಲಿ ಮೈಸೂರು ತಂಡವು 1946-47ರಲ್ಲಿ ಬಂಗಾಳವನ್ನು ಗೆದ್ದುದು ಅದೇ ಬಳ್ಳಿಯ ಇನ್ನೊಂದು ಹೂವು.

ಎರಡನೆಯ ವಿಜಯವತ್ಸರಕ್ಕೆ ಬಳ್ಳಾರಿಯ ನೆಲದ ನಂಟುಂಟು. ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಯನ್ನು ನಡೆಯಿಸುವ ಜಿಂದಾಲ್ ಸಂಸ್ಥೆಯವರೇ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ತಂಡವನ್ನು ಕಟ್ಟಿದರು. ಆ ವರ್ಷದ ಸೆಪ್ಟೆಂಬರ್ 22ರಂದು ಮೋಹನ ಬಾಗಾನಿನೊಡನೆ ಆಡಿದ ಮೊದಲ ಐ-ಲೀಗ್ ಪಂದ್ಯವು 1-1ರಲ್ಲಿ ಸಮವಾಯಿತು. ಹೊಸಬರ ತಂಡವೆಂದು ಹಗುರಾಗಿ ಎಣಿಸಿದವರು ಬೇಗನೆ ಎಚ್ಚತ್ತರು. ಸುನೀಲ್ ಛೇತ್ರಿಯ ನಾಯಕತ್ವದಲ್ಲಿ, ಆಶ್ಲಿ ವೆಸ್ಟ್‌ವುಡ್ ಎಂಬ ಆಂಗ್ಲ ಶಿಕ್ಷಕನ ಕೈಕೆಳಗೆ, ಆ ತಂಡವು 24 ಪಂದ್ಯಗಳಲ್ಲಿ 14ನ್ನು ಗೆದ್ದು, 5ನ್ನು ಸಮಮಾಡಿ, 5ರಲ್ಲಿ ಸೋತು, 47 ಅಂಕಗಳನ್ನು ಗಳಿಸಿತು. ಎರಡನೆಯದಾದ ಈಸ್ಟ್ ಬೆಂಗಾಲಿಗೆ ದೊರೆತುದು 43. 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗಲೇ ಪ್ರಶಸ್ತಿಯು ನಿಶ್ಚಿತವಾಯಿತು. ಹುಟ್ಟಿದ ವರ್ಷದಲ್ಲಿಯೇ ಅಗ್ರಪದವಿ!

ಆದರೂ ಎರಡು ವಿಜಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. 2014ರ ತಂಡದಲ್ಲಿ ಹೆಚ್ಚಿನವರು ಪರಪ್ರಾಂತದವರು, ಕೆಲವರು ಪರದೇಶದವರು; ಸಂಬಳಕ್ಕೆ ಆಡಿದವರು. ಅದರಲ್ಲಿ ತಪ್ಪೇನೂ ಇಲ್ಲ, ಗೆಲುವಿಗೆ ಕಳಂಕವೂ ಇಲ್ಲ. 1937ರ ಗೆಲುವಿನ ಹಿಂದೆ ಮಾತ್ರ ಉಕ್ಕಿನ ಕಾರ್ಖಾನೆಯಿರಲಿಲ್ಲ. ಅರಸುತನ ಮಾಡುತ್ತಿದ್ದವರ ಆಟವನ್ನು ಅವರಿಂದಲೇ ಕಲಿತು, ಅವರ ಬಟ್ಟಲನ್ನೇ ಮನೆಗೆ ತಂದ ಹೆಚ್ಚುಗಾರಿಕೆಯು ಅದಕ್ಕಿದೆ. ಕಾರ್ಖಾನೆಯ ಧನಕ್ಕೆ ಬೇರೊಂದು ಸಾರ್ಥಕತೆಯು ಮುಂದೆ ಒದಗಿತು. 2018ರಲ್ಲಿ ಅದೇ ಸಂಸ್ಥೆಯವರು ತೋರಣಗಲ್ಲಿನ ಬಳಿಯ ವಿಜಯನಗರ ಬಡಾವಣೆಯಲ್ಲಿ ದೊಡ್ಡ ಕ್ರೀಡಾಶಾಲೆಯೊಂದನ್ನು ತೆರೆದರು; ಬೆಂಗಳೂರು ತಂಡದ ಕಿರಿಯರ ವಸತಿಶಿಕ್ಷಣಕ್ಕೂ ಆ ಬಯಲೇ ನೆಲೆಯಾಯಿತು. ಕುರುಗೋಡಿನಿಂದ ಅದು ಬಹುದೂರದ ಪಯಣವೇನೂ ಅಲ್ಲ.